ಹೊಟ್ಟೆಯೊಳಕ್ಕೇ ಮದ್ದು: ನಿಜವೆಷ್ಟು, ಆಸೆಯೆಷ್ಟು?



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಮಾತಾಡಿಕೊಳ್ಳೋದು ಮಕ್ಕಳ ಕೆಮ್ಮು, ಮಂಡಿನೋವು, ಬಾಣಂತಿಯ ಆರೈಕೆ ಇಂಥ ವಿಷಯಗಳನ್ನು. ಈ ಸಲ ಸ್ವಲ್ಪ ಭಾರವಾದ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಕಾರಣ, ನಿಮ್ಮಲ್ಲೇ ಒಬ್ಬರು ಬರೆದ ಕಾಗದ. ಅವರ ನಾದಿನಿಗೆ ಜಠರದ ಕ್ಯಾನ್ಸರ್. ಹೊಟ್ಟೆಯೊಳಗೆಲ್ಲಾ ಹರಡಿಬಿಟ್ಟಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಅಷ್ಟರಲ್ಲಿ ಯಾರೋ ಪರಿಚಯದವರು ಬಂದು, “ಈಗ ಹೊಟ್ಟೆಯೊಳಕ್ಕೇ ಔಷಧಿ ಹಾಕ್ತಾರಂತೆ, ವಾಸಿಯಾಗಿಬಿಡುತ್ತಂತೆ” ಅಂದರು. ಮನೆಯವರು ಜಮೀನು ಮಾರುವ ಮಾತಾಡುತ್ತಿದ್ದಾರೆ. ನಾದಿನಿಗೆ ಮಾತ್ರ “ಹೊಟ್ಟೆಯಲ್ಲಿ ಹುಣ್ಣು” ಅಂತಷ್ಟೇ ಹೇಳಿದ್ದಾರೆ. “ಅಕ್ಕಾ, ಇಂಥ ಚಿಕಿತ್ಸೆ ನಿಜವಾಗಿ ಇದೆಯೇ? ನಾವೇನು ಮಾಡಬೇಕು?” ಎಂದು ಆ ಸೋದರಿ ಕೇಳಿದ್ದಾರೆ.

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಚಿಕಿತ್ಸೆ ಇರೋದು ನಿಜ. ವಾಸಿಯಾಗಿಬಿಡುತ್ತೆ ಅನ್ನೋದು ನಿಜವಲ್ಲ. ಇವೆರಡರ ನಡುವೆ ಒಂದಿಷ್ಟು ತಿಂಗಳುಗಳ ಲೆಕ್ಕವಿದೆ. ಆ ಲೆಕ್ಕ ಸರಿಯಾಗಿ ತಿಳಿದರೆ ಮಾತ್ರ ಜಮೀನಿನ ಮಾತೂ, ನಾದಿನಿಗೆ ಹೇಳಬೇಕೋ ಬೇಡವೋ ಎಂಬ ಮಾತೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಬನ್ನಿ, ನಿಧಾನವಾಗಿ ನೋಡೋಣ.

ನಮ್ಮ ಹೊಟ್ಟೆಯ ಒಳಗೋಡೆಗೆ ತೆಳ್ಳನೆಯ ಒಂದು ಪೊರೆ ಇದೆ. ಕರುಳು, ಯಕೃತ್ತು, ಗರ್ಭಕೋಶ ಇವುಗಳ ಮೇಲೂ ಅದೇ ಪೊರೆ ಹೊದಿಕೆಯ ಹಾಗೆ ಸುತ್ತಿಕೊಂಡಿದೆ. ಬಿಡಿಸಿ ಹರವಿದರೆ ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟೇ ಅಗಲವಾದೀತು. ಜಠರದಲ್ಲಿ ಹುಟ್ಟಿದ ಕ್ಯಾನ್ಸರ್ ಜಠರದ ಗೋಡೆಯನ್ನು ಕೊರೆದು ಹೊರಕ್ಕೆ ಬಂತೆನ್ನಿ. ಆಗ ಅದರ ಕಣಗಳು ಈ ಪೊರೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಉದುರಿ ಅಲ್ಲಲ್ಲೇ ಮೊಳೆಯುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವುದು, ಸ್ವಲ್ಪ ತಿಂದರೂ ಉಬ್ಬರಿಸುವುದು, ಕರುಳು ಕಟ್ಟಿಕೊಂಡ ಹಾಗಾಗುವುದು, ಎಲ್ಲ ಇದರಿಂದಲೇ. ಹೆಂಗಸರಲ್ಲಿ ಇದು ಅಂಡಾಶಯಕ್ಕೂ ಹರಡುವುದುಂಟು. ಅಂಥ ಗೆಡ್ಡೆಗೆ ಕ್ರುಕೆನ್‌ಬರ್ಗ್ ಗೆಡ್ಡೆ ಎಂದೇ ಹೆಸರು. 1896ರಲ್ಲಿ ಅದನ್ನು ವರ್ಣಿಸಿದ ಜರ್ಮನ್ ವೈದ್ಯ ಫ್ರೀಡ್ರಿಕ್ ಕ್ರುಕೆನ್‌ಬರ್ಗ್ ಅದು ಅಂಡಾಶಯದಲ್ಲೇ ಹುಟ್ಟಿದ್ದೆಂದು ಭಾವಿಸಿದ್ದ. ಬೇರೆ ಕಡೆಯಿಂದ ಬಂದದ್ದೆಂದು ಆಮೇಲೆ ತಿಳಿಯಿತು.

ಈ ಸಾಸಿವೆಯಂಥ ಕಣಗಳು ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ, ದೀಪವಿರುವ ನಳಿಕೆ ಇಳಿಸಿ ಕಣ್ಣಾರೆ ನೋಡುತ್ತಾರೆ. ಲ್ಯಾಪ್ರೊಸ್ಕೋಪಿ ಎಂದು ಅದರ ಹೆಸರು. “ಸ್ಕ್ಯಾನ್ ಆಗಿದೆಯಲ್ಲಾ, ಮತ್ಯಾಕೆ ಇದು?” ಎಂದು ಬೇಸರ ಮಾಡಿಕೊಳ್ಳಬೇಡಿ, ಅದು ಅನಾವಶ್ಯಕ ಖರ್ಚಲ್ಲ.

ಈಗ ಮದ್ದಿನ ವಿಷಯ. ಕೈಯ ರಕ್ತನಾಳಕ್ಕೆ ಕೊಟ್ಟ ಕೀಮೋಥೆರಪಿ ಔಷಧಿ ಮೈಯೆಲ್ಲಾ ಸುತ್ತುತ್ತದೆ. ಆದರೆ ಈ ಪೊರೆಯ ಮೇಲಿನ ಕಣಗಳಿಗೆ ಅದು ಮುಟ್ಟುವುದು ಕಡಿಮೆ. ರಕ್ತಕ್ಕೂ ಹೊಟ್ಟೆಯ ಒಳಜಾಗಕ್ಕೂ ನಡುವೆ ಒಂದು ಅಡ್ಡಗೋಡೆಯೇ ಇದ್ದ ಹಾಗೆ. ಊರ ನಲ್ಲಿಯಲ್ಲಿ ನೀರು ಬಂದರೂ ಕೊನೆಯ ಮನೆಗೆ ತೊಟ್ಟಿಕ್ಕುವುದಿಲ್ಲವೇ, ಹಾಗೆ. ಅಲ್ಲಿಗೇ ನೇರವಾಗಿ ಕೊಡ ಹೊತ್ತು ಹಾಕಿದರೆ? ಇದೇ ಈ ಚಿಕಿತ್ಸೆಯ ಹಿಂದಿನ ಯೋಚನೆ.

ಜಪಾನಿನಲ್ಲಿ ಜಠರದ ಕ್ಯಾನ್ಸರ್ ಮೊದಲಿನಿಂದಲೂ ಹೆಚ್ಚು, ಅದಕ್ಕೇ ಅಲ್ಲಿನವರ ಶ್ರಮವೂ ಹೆಚ್ಚು. ಟೋಕಿಯೋ ವಿಶ್ವವಿದ್ಯಾಲಯದ ಹಿರೊನೊರಿ ಇಶಿಗಾಮಿ, ಜೋಜಿ ಕಿತಾಯಾಮ ಮುಂತಾದ ವೈದ್ಯರು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿಯನ್ನು ಹೀಗೆ ಬಳಸಿದರು. ಇದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ ಮದ್ದು. ಇದರ ರಚನೆಯನ್ನು ಬಿಡಿಸಿ 1971ರಲ್ಲಿ ಲೋಕಕ್ಕೆ ತಿಳಿಸಿದವರಲ್ಲಿ ನಮ್ಮ ದೇಶದವರೇ ಒಬ್ಬರಿದ್ದರು ಅನ್ನೋದು ನಿಮಗೆ ಸಂತೋಷದ ಸಂಗತಿಯಾದೀತು. ಅವರು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿದ ಮನಸುಖ್ ವಾನಿ. ಅಮೆರಿಕದ ಸಂಶೋಧನಾಲಯವೊಂದರಲ್ಲಿ ಮನ್ರೋ ವಾಲ್ ಅವರ ಜೊತೆ ಈ ಕೆಲಸ ಮಾಡಿದರು.

ಪ್ಯಾಕ್ಲಿಟ್ಯಾಕ್ಸೆಲ್ಲೇ ಏಕೆ? ಇದರ ಅಣು ದಪ್ಪ, ನೀರಿಗಿಂತ ಜಿಡ್ಡಿಗೆ ಒಲಿಯುವಂಥದ್ದು. ಹೊಟ್ಟೆಯೊಳಗೆ ಹಾಕಿದರೆ ಬೇಗ ರಕ್ತಕ್ಕೆ ಇಳಿದುಹೋಗುವುದಿಲ್ಲ. ಅಲ್ಲೇ ಬಹಳ ಹೊತ್ತು ನಿಂತು ಪೊರೆಯ ಮೇಲಿನ ಕಣಗಳನ್ನು ತೊಯ್ಯಿಸುತ್ತದೆ.

ಇದನ್ನು ಹಾಕುವ ಕ್ರಮ ಕೇಳಿದರೆ ಅರ್ಧ ಭಯ ಹೋಗುತ್ತದೆ. ಮೊದಲು ಒಂದು ಚಿಕ್ಕ ಆಪರೇಷನ್ ಮಾಡಿ ಹೊಟ್ಟೆಯ ಚರ್ಮದ ಕೆಳಗೆ ನಾಣ್ಯದಷ್ಟಗಲದ ಒಂದು ಡಬ್ಬಿ ಇಡುತ್ತಾರೆ. ಪೋರ್ಟ್ ಎನ್ನುತ್ತಾರೆ ಅದಕ್ಕೆ. ಅದರಿಂದ ಒಂದು ಸಣ್ಣ ಕೊಳವೆ ಹೊಟ್ಟೆಯ ತಳಭಾಗಕ್ಕೆ ಇಳಿದಿರುತ್ತದೆ. ಔಷಧಿ ಕೊಡುವ ದಿನ ಚರ್ಮದ ಮೇಲಿನಿಂದ ಆ ಡಬ್ಬಿಗೆ ಸೂಜಿ ಚುಚ್ಚಿ, ಸುಮಾರು 1 ಲೀಟರ್ ಸಲೈನ್‌ನಲ್ಲಿ ಬೆರೆಸಿದ ಮದ್ದನ್ನು ಒಂದು ಗಂಟೆಯ ಹೊತ್ತು ನಿಧಾನವಾಗಿ ಬಿಡುತ್ತಾರೆ. ಅದನ್ನು ವಾಪಸು ತೆಗೆಯುವುದಿಲ್ಲ, ಮೈಯೇ ಹೀರಿಕೊಳ್ಳುತ್ತದೆ. ಪ್ರತಿ ಸಲವೂ ಹೊಟ್ಟೆ ಕೊಯ್ಯುವುದಿಲ್ಲ.

ಆದರೆ ಒಂದು ಮಾತು ನೆನಪಿಡಿ. ಇದು ಮಾಮೂಲಿ ಕೀಮೋಥೆರಪಿಯ ಬದಲಿಗೆ ಅಲ್ಲ, ಅದರ ಜೊತೆಗೆ. ಟೋಕಿಯೋದ ಕ್ರಮದಲ್ಲಿ ಮೂರು ವಾರ ಒಂದು ಸುತ್ತು. ಮೊದಲ ದಿನ ಮತ್ತು ಎಂಟನೆಯ ದಿನ ಪ್ಯಾಕ್ಲಿಟ್ಯಾಕ್ಸೆಲ್ ರಕ್ತನಾಳಕ್ಕೂ ಹೊಟ್ಟೆಗೂ, ಎರಡು ಕಡೆಗೂ. ಮೈಯಳತೆಯ ಪ್ರತಿ ಚದರ ಮೀಟರಿಗೆ ರಕ್ತನಾಳಕ್ಕೆ 50 ಮಿಲಿಗ್ರಾಂ, ಹೊಟ್ಟೆಗೆ 20 ಮಿಲಿಗ್ರಾಂ. ಇದರ ಜೊತೆ ಎಸ್-1 ಎಂಬ ಗುಳಿಗೆ 14 ದಿನ, ಆಮೇಲೆ 7 ದಿನ ವಿರಾಮ. ಹೊಟ್ಟೆಗೆ ಹಾಕಿದ ಮದ್ದು ಯಕೃತ್ತಿನ ಒಳಗೆ, ಶ್ವಾಸಕೋಶದೊಳಗೆ ಇರುವ ಗೆಡ್ಡೆಯನ್ನು ಮುಟ್ಟಲಾರದು. ಪೊರೆಯ ಮೇಲಿನ ಗೆಡ್ಡೆ ದೊಡ್ಡದಾದರೂ ಕಷ್ಟ, ಯಾಕೆಂದರೆ ಮದ್ದು ಒಳಕ್ಕಿಳಿಯುವುದು ಕೆಲವೇ ಮಿಲಿಮೀಟರ್. ಉಪ್ಪುನೀರಿಗೆ ಹಾಕಿದ ಮಿಡಿಗೆ ಉಪ್ಪು ಬೇಗ ಹಿಡಿಯುತ್ತದೆ, ಬಲಿತ ಮಾವಿನಕಾಯನ್ನು ಇಡಿಯಾಗಿ ಹಾಕಿದರೆ ನಡುವಿಗೆ ಮುಟ್ಟುವುದಿಲ್ಲವಲ್ಲ, ಹಾಗೆ. ಹಿಂದಿನ ಆಪರೇಷನ್‌ನಿಂದ ಕರುಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಮದ್ದು ಎಲ್ಲ ಕಡೆ ಹರಿಯುವುದೂ ಇಲ್ಲ.

ಇನ್ನು ಫಲ ಎಷ್ಟು? ಇಲ್ಲೇ ನೀವು ಸ್ವಲ್ಪ ಗಮನವಿಟ್ಟು ಓದಬೇಕು.

ಜಪಾನಿನ ವೈದ್ಯರು 183 ರೋಗಿಗಳನ್ನು ಸೇರಿಸಿಕೊಂಡು ಎರಡು ಗುಂಪು ಮಾಡಿ ಪರೀಕ್ಷೆ ನಡೆಸಿದರು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಒಂದು ಗುಂಪಿಗೆ ಹೊಟ್ಟೆಯೊಳಗಿನ ಮದ್ದೂ ಸೇರಿದ ಚಿಕಿತ್ಸೆ, ಇನ್ನೊಂದಕ್ಕೆ ಆಗ ರೂಢಿಯಲ್ಲಿದ್ದ ಎಸ್-1 ಮತ್ತು ಸಿಸ್‌ಪ್ಲಾಟಿನ್. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಗುಂಪಿನ ನಡುಲೆಕ್ಕದ ಆಯಸ್ಸು 17.7 ತಿಂಗಳು, ಎರಡನೆಯದರದು 15.2 ತಿಂಗಳು.

ನಡುಲೆಕ್ಕ ಎಂದರೆ? ಗುಂಪಿನವರನ್ನೆಲ್ಲ ಬದುಕಿದ ಕಾಲದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಲೆಕ್ಕ. ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು ಅಂತ. “ನಿಮ್ಮ ನಾದಿನಿಗೆ ಹದಿನೇಳು ತಿಂಗಳು” ಎಂದು ಅದರ ಅರ್ಥವಲ್ಲ.

ಎರಡೂವರೆ ತಿಂಗಳಿನ ಈ ವ್ಯತ್ಯಾಸ ಮದ್ದಿನಿಂದಲೇ ಬಂತೋ, ಅಥವಾ ಚೀಟಿಯ ಅದೃಷ್ಟದಿಂದಲೋ? ಖಚಿತವಾಗಿ ಹೇಳಲು ಲೆಕ್ಕಶಾಸ್ತ್ರ ಒಪ್ಪಲಿಲ್ಲ. ಹಾಗೆಂದು ಅವರು ಪ್ರಾಮಾಣಿಕವಾಗಿ ಬರೆದರು. ಹೊಟ್ಟೆಯಲ್ಲಿ ನೀರು ಹೆಚ್ಚು ತುಂಬಿದ್ದವರು, ಅಂದರೆ ಹೆಚ್ಚು ಕಾಯಿಲೆಯವರು, ಮೊದಲ ಗುಂಪಿಗೇ ಹೆಚ್ಚಾಗಿ ಬಿದ್ದಿದ್ದರು ಎಂಬುದನ್ನೂ ತೋರಿಸಿದರು. ಮೂರು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 22 ಮಂದಿ, ಎರಡನೆಯದರಲ್ಲಿ 6 ಮಂದಿ ಬದುಕಿದ್ದರು. ಆಸೆ ಹುಟ್ಟಿಸುವ ಅಂಕಿ. ಆದರೂ ಆಸೆ ಬೇರೆ, ರುಜುವಾತು ಬೇರೆ.

ಇನ್ನೊಂದು ಕೊರತೆಯೂ ಇತ್ತು. ಎರಡು ಗುಂಪಿನ ಔಷಧಿಗಳೇ ಬೇರೆ ಬೇರೆ. ಪಾಯಸಕ್ಕೆ ಬೆಲ್ಲವನ್ನೂ ಬದಲಿಸಿ ಹಾಲನ್ನೂ ಬದಲಿಸಿದರೆ ರುಚಿ ಹೆಚ್ಚಿದ್ದು ಯಾವುದರಿಂದ ಅಂತ ಹೇಗೆ ಹೇಳೋದು? ಆಮೇಲೆ ಚೀನಾದ ವೈದ್ಯರು ಈ ಕೊರತೆ ತುಂಬಿದರು. 222 ರೋಗಿಗಳಲ್ಲಿ ಎಲ್ಲರಿಗೂ ಪ್ಯಾಕ್ಲಿಟ್ಯಾಕ್ಸೆಲ್, ಎಸ್-1 ಕೊಟ್ಟು, ಒಂದು ಗುಂಪಿಗೆ ಮಾತ್ರ ಹೊಟ್ಟೆಯೊಳಗೂ ಮದ್ದು ಹಾಕಿದರು. 2025ರಲ್ಲಿ ತಿಳಿಸಿದ ಫಲಿತಾಂಶದಂತೆ ನಡುಲೆಕ್ಕ 19.4 ತಿಂಗಳು, ಹಾಕದವರಲ್ಲಿ 13.9 ತಿಂಗಳು. ಅಂದರೆ ಐದೂವರೆ ತಿಂಗಳ ವ್ಯತ್ಯಾಸ. ಈ ಸಲ ಅದು ಬರೀ ಅದೃಷ್ಟವಲ್ಲ ಎಂದು ಲೆಕ್ಕಶಾಸ್ತ್ರವೂ ಒಪ್ಪಿತು.

ಇಲ್ಲೇ ಇನ್ನೊಂದು ಎಚ್ಚರಿಕೆ. “ಬಿಸಿ ಕೀಮೋ” ಎಂಬ ಹೆಸರನ್ನೂ ನೀವು ಕೇಳಿರಬಹುದು, ಹೈಪೆಕ್ ಎನ್ನುತ್ತಾರೆ. ಅದು ಬೇರೆ. ದೊಡ್ಡ ಆಪರೇಷನ್ ಮಾಡಿ, ಕಾಣುವ ಗೆಡ್ಡೆಗಳನ್ನೆಲ್ಲ ತೆಗೆದು, ಆ ಮೇಜಿನ ಮೇಲೇ ಬಿಸಿ ಮಾಡಿದ ಮದ್ದನ್ನು ಹೊಟ್ಟೆಯೊಳಗೆ ಒಂದು ಸಲ ಆಡಿಸುವ ವಿಧಾನ. ಜಠರದ ಕ್ಯಾನ್ಸರ್ ಪೊರೆಗೆ ಹರಡಿದ 105 ಮಂದಿಯ ಮೇಲೆ ಜರ್ಮನಿಯಲ್ಲಿ ನಡೆದ ಪರೀಕ್ಷೆಯಲ್ಲಿ, ಆಪರೇಷನ್ ಜೊತೆ ಬಿಸಿ ಮದ್ದು ಪಡೆದವರಿಗೂ ಪಡೆಯದವರಿಗೂ ನಡುಲೆಕ್ಕ 14.9 ತಿಂಗಳು, ಎರಡೂ ಒಂದೇ. ಕಾಯಿಲೆ ಮತ್ತೆ ಬೆಳೆಯುವುದು ಸ್ವಲ್ಪ ತಡವಾಯಿತು, ಆಯಸ್ಸು ಹೆಚ್ಚಲಿಲ್ಲ. ಆದ್ದರಿಂದ “ಹೊಟ್ಟೆಯೊಳಕ್ಕೆ ಮದ್ದು” ಎಂದು ಯಾರಾದರೂ ಹೇಳಿದ ಕೂಡಲೇ, “ಯಾವುದು? ಪೋರ್ಟ್ ಇಟ್ಟು ಮತ್ತೆ ಮತ್ತೆ ಕೊಡುವುದೋ, ಆಪರೇಷನ್ ವೇಳೆ ಬಿಸಿ ಮಾಡಿ ಹಾಕುವುದೋ?” ಎಂದು ಕೇಳಿ. ಖರ್ಚೂ ಬೇರೆ, ಕಷ್ಟವೂ ಬೇರೆ.

ಹಾಗಾದರೆ ಈ ಚಿಕಿತ್ಸೆಯಿಂದ ಲಾಭವೇನು? ಕೆಲವರಿಗೆ ಹೊಟ್ಟೆಯ ನೀರು ಇಳಿದು ಉಸಿರು ಹಗುರಾಗುತ್ತದೆ, ಎರಡು ತುತ್ತು ಅನ್ನ ಸೇರುತ್ತದೆ. ಕೆಲವರಲ್ಲಿ ಪೊರೆಯ ಮೇಲಿನ ಕಣಗಳೆಲ್ಲ ಅಡಗಿ, ಜಠರ ತೆಗೆಯುವ ಆಪರೇಷನ್ ಮಾಡುವ ಸ್ಥಿತಿಗೂ ಬಂದಿದ್ದಾರೆ. ನಷ್ಟವೇನು? ಪೋರ್ಟಿಗೆ ಸೋಂಕು ತಗಲಬಹುದು, ಕೊಳವೆ ಕಟ್ಟಿಕೊಳ್ಳಬಹುದು, ಹೊಟ್ಟೆ ನೋಯಬಹುದು. ಕೂದಲು ಉದುರುವುದು, ಬಿಳಿ ರಕ್ತಕಣ ಇಳಿಯುವುದು, ಬೆರಳು ಜೋಮು ಹಿಡಿಯುವುದು ಇವೂ ಉಂಟು.

ಈಗ ಕಾಗದ ಬರೆದ ಸೋದರಿಗೂ, ಇಂಥ ಸಂಕಟ ಬಂದಿರುವ ಉಳಿದವರಿಗೂ, ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿ ಕೊಡುತ್ತೇನೆ. ದಿನಸಿ ಚೀಟಿಯ ಹಾಗೆ ಬರೆದುಕೊಂಡೇ ಹೋಗಿ. ಅಲ್ಲಿ ಹೋದ ಮೇಲೆ ಗಾಬರಿಯಲ್ಲಿ ಮರೆತುಹೋಗುತ್ತದೆ.

1. ಕಾಯಿಲೆ ಹೊಟ್ಟೆಯ ಪೊರೆಗೆ ಮಾತ್ರ ಹರಡಿದೆಯೇ, ಯಕೃತ್ತು, ಶ್ವಾಸಕೋಶಕ್ಕೂ ಹೋಗಿದೆಯೇ? ಲ್ಯಾಪ್ರೊಸ್ಕೋಪಿಯಲ್ಲಿ ನೋಡಿದ್ದೀರಾ?

2. ಗೆಡ್ಡೆಯ ತುಣುಕನ್ನು ಹರ್-2 ಮುಂತಾದ ಪರೀಕ್ಷೆಗೆ ಕಳಿಸಿದ್ದೀರಾ? (ಅದರ ಮೇಲೆ ಬೇರೆ ಔಷಧಿಗಳು ಉಪಯೋಗವಾಗುತ್ತವೋ ಇಲ್ಲವೋ ತಿಳಿಯುತ್ತದೆ.)

3. ಹೊಟ್ಟೆಯೊಳಗಿನ ಮದ್ದು ಇವರಿಗೆ ಹೊಂದುತ್ತದೆಯೇ? ನಿಮ್ಮಲ್ಲಿ ಈವರೆಗೆ ಎಷ್ಟು ಮಂದಿಗೆ ಕೊಟ್ಟಿದ್ದೀರಿ?

4. ಇದರಿಂದ ನೀವು ನಿರೀಕ್ಷಿಸುವುದೇನು: ವಾಸಿಯೋ, ಹೆಚ್ಚಿನ ಕಾಲವೋ, ನೆಮ್ಮದಿಯೋ?

5. ಒಟ್ಟು ಎಷ್ಟು ಸುತ್ತು, ಒಟ್ಟು ಎಷ್ಟು ಖರ್ಚು? ಆಯುಷ್ಮಾನ್ ಕಾರ್ಡಿನಲ್ಲಿ ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ?

6. ಇದು ಬೇಡವೆಂದರೆ ಮುಂದಿನ ದಾರಿ ಯಾವುದು?

ಆರನೆಯ ಪ್ರಶ್ನೆ ಕೇಳಲು ಸಂಕೋಚಪಡಬೇಡಿ. ಬೇಡವೆನ್ನುವುದು ಕೈಬಿಡುವುದಲ್ಲ. ಮಾಮೂಲಿ ಕೀಮೋಥೆರಪಿ ಇದೆ, ನೀರು ತೆಗೆಯುವುದಿದೆ, ನೋವು ನಿಲ್ಲಿಸುವ ಔಷಧಿಗಳಿವೆ. ಒಂದು ಕಡೆ ಹೇಳಿದ್ದನ್ನು ಇನ್ನೊಂದು ಕಡೆ ಕೇಳಿ ನೋಡುವುದೂ ತಪ್ಪಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆಗೆ ಕಾಗದಪತ್ರಗಳನ್ನೆಲ್ಲ ತೆಗೆದುಕೊಂಡು ಹೋಗಿ ವಿಚಾರಿಸಬಹುದು. ಈ ಆರು ಪ್ರಶ್ನೆಗಳಿಗೂ ಉತ್ತರ ಸಿಗುವ ತನಕ ಜಮೀನಿನ ಕಾಗದಕ್ಕೆ ಮಾತ್ರ ಕೈಹಚ್ಚಬೇಡಿ. ವಾಸಿಯಾಗುತ್ತದೆ ಎಂದು ನಂಬಿ ಮಾರುವುದಕ್ಕೂ, ಇಷ್ಟು ತಿಂಗಳಿಗಾಗಿ ಎಂದು ತಿಳಿದು ಮಾರುವುದಕ್ಕೂ ಅಂತರವಿದೆ. ಎರಡನೆಯದನ್ನು ಮಾಡಿದವರು ಆಮೇಲೆ ಯಾರನ್ನೂ ದೂರುವುದಿಲ್ಲ, ತಮ್ಮನ್ನೂ ದೂರಿಕೊಳ್ಳುವುದಿಲ್ಲ.

ಚಿಕಿತ್ಸೆ ಕೊಡಿಸುವುದೆಂದೇ ಆದರೆ ಮನೆಯಲ್ಲಿ ನೋಡಿಕೊಳ್ಳುವವರಿಗೆ ನಾಲ್ಕು ಮಾತು. ಮದ್ದು ಹಾಕುವ ದಿನ ಬೆಳಿಗ್ಗೆ ಊಟ ಹಗುರವಾಗಿರಲಿ. ಒಂದು ಲೀಟರ್ ದ್ರವ ಒಳಗೆ ಹೋದರೆ ಹೊಟ್ಟೆ ಬಿಗಿಯುತ್ತದೆ. ಸಡಿಲವಾದ ಬಟ್ಟೆ ಇರಲಿ, ಲಂಗದ ಲಾಡಿ ಪೋರ್ಟಿನ ಮೇಲೆ ಬಿಗಿಯದಂತೆ ನೋಡಿ. ಮೂರು ಹೊತ್ತಿನ ಊಟಕ್ಕಿಂತ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಮೇಲು: ರಾಗಿ ಅಂಬಲಿ, ಹೆಸರುಬೇಳೆ ಹಾಕಿದ ಮೆತ್ತನೆಯ ಅನ್ನ, ತಿನ್ನುವವರಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ. ಹಸಿ ಕೋಸಂಬರಿ, ಕತ್ತರಿಸಿಟ್ಟ ಹಣ್ಣು, ಹೊರಗಿನ ತಿಂಡಿ ಸದ್ಯಕ್ಕೆ ಬೇಡ. ನೀರು ಕುದಿಸಿ ಆರಿಸಿದ್ದೇ ಇರಲಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ತಿಳಿಸಿ. ಪೋರ್ಟಿನ ಸುತ್ತ ಕೆಂಪಾದರೆ, ಊತ ಬಂದರೆ, ವಾಂತಿ ನಿಲ್ಲದಿದ್ದರೆ ಆಗಲೂ ಹಾಗೇ. ಯಾರೋ ಕೊಟ್ಟ ಬೇರು, ಪುಡಿ, ಕಷಾಯವನ್ನು ವೈದ್ಯರಿಗೆ ಹೇಳದೆ ಕೊಡಬೇಡಿ. ಎರಡು ಮದ್ದು ಒಳಗೆ ಜಗಳವಾಡಿದರೆ ಬಳಲುವುದು ರೋಗಿ.

ಕೊನೆಗೆ ಆ “ಹುಣ್ಣಿನ” ಮಾತು. ಮನೆಯವರು ಹೇಳದೆ ಮುಚ್ಚಿಡುವುದು ಪ್ರೀತಿಯಿಂದಲೇ, ನನಗೆ ಗೊತ್ತು. ಆದರೆ ಹೊಟ್ಟೆಗೆ ಡಬ್ಬಿ ಇಟ್ಟು, ಮೂರು ವಾರಕ್ಕೆ ಎರಡು ಸಲ ಲೀಟರ್‌ಗಟ್ಟಲೆ ಮದ್ದು ಹಾಕಿಸಿಕೊಳ್ಳುವವಳಿಗೆ ಇದು ಹುಣ್ಣಲ್ಲ ಎಂದು ತಿಳಿಯದೇ ಇರುತ್ತದೆಯೇ? ಕೂದಲು ಉದುರಿದ ದಿನವೇ ತಿಳಿಯುತ್ತದೆ. ಆಮೇಲೆ ಅವಳೂ ಗೊತ್ತಿಲ್ಲದ ಹಾಗೆ ನಟಿಸಬೇಕು, ನೀವೂ ನಟಿಸಬೇಕು. ಒಂದೇ ಮನೆಯಲ್ಲಿ ಇಬ್ಬರೂ ಒಂಟಿ.

ಈ ಚಿಕಿತ್ಸೆ ಕೊಡುವುದು ಕಾಲ. ಕೆಲವರಿಗೆ ಕೆಲವು ತಿಂಗಳು, ಅಪರೂಪಕ್ಕೆ ವರ್ಷಗಳು. ಆ ಕಾಲ ಅವಳದು. ಮಗಳ ಮದುವೆ ಮುಂದಕ್ಕೆ ಹಾಕಬೇಕೋ ಹತ್ತಿರಕ್ಕೆ ತರಬೇಕೋ, ತವರಿಗೆ ಹೋಗಿ ಒಂದು ವಾರ ಇರಬೇಕೋ, ತನ್ನ ಬಳೆ ಯಾರಿಗೆ ಕೊಡಬೇಕೋ, ಆಸ್ಪತ್ರೆಯ ಸೂಜಿ ಬೇಕೋ ಮನೆಯ ಜಗಲಿ ಬೇಕೋ, ಇವನ್ನೆಲ್ಲ ತೀರ್ಮಾನಿಸುವ ಹಕ್ಕು ಇರುವುದು ಅವಳಿಗೆ. ಜಮೀನು ಮಾರಬೇಕೇ ಎಂದು ಕೇಳಬೇಕಾದ ಮೊದಲ ವ್ಯಕ್ತಿಯೂ ಅವಳೇ. ಹೇಗೆ ಹೇಳುವುದೆಂದು ತೋಚದಿದ್ದರೆ ಒಂದೇ ಸಲಕ್ಕೆ ಎಲ್ಲವನ್ನೂ ಸುರಿಯಬೇಡಿ. “ಡಾಕ್ಟರು ಹೇಳಿದ್ದನ್ನು ನಿನಗೆ ಎಷ್ಟು ಹೇಳಲಿ?” ಎಂದು ಪಕ್ಕದಲ್ಲಿ ಕೂತು ಕೇಳಿ. ಅವಳು ಕೇಳಿದಷ್ಟು ಹೇಳಿ. ಸಾಕೆಂದರೆ ನಿಲ್ಲಿಸಿ.

ಓದುವ ಉಳಿದ ಸೋದರಿಯರಿಗೆ ಒಂದು ಮಾತು. ಎರಡು ಮೂರು ವಾರ ಬಿಡದ ಅಜೀರ್ಣ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಕಪ್ಪಗಾಗುವುದು, ಇವನ್ನು “ಗ್ಯಾಸ್” ಎಂದು ಸೋಡಾ ಕುಡಿದು ಮರೆಯಬೇಡಿ. ಎಂಡೊಸ್ಕೋಪಿ ಕೆಲವು ನಿಮಿಷಗಳ ಕೆಲಸ. ಸಾಸಿವೆ ಚೆಲ್ಲುವ ಮೊದಲೇ ಕಂಡುಹಿಡಿದರೆ, ಮೇಲೆ ಬರೆದ ಯಾವ ಲೆಕ್ಕವೂ ನಿಮಗೆ ಬೇಕಾಗಲಿಕ್ಕಿಲ್ಲ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಕೆಮ್ಮು, ಕಫದ ವಿಷಯ ಮಾತಾಡೋಣ. ಕಾಗದ ಬರೆಯುತ್ತಿರಿ.